ರೇಣಿಗೆ ನಾನು ಕೇಳಿ ಪಡೆದ ನಂಬರು

ಹೋದ ವಾರ ಪೀಣ್ಯ ಎರಡನೇ ಹಂತದಲ್ಲಿ, ಬಾಗಿಲು ಹಾಕಿ ಎಷ್ಟೋ ಕಾಲವಾದ ಒಂದು ವರ್ಕ್‌ಶಾಪಿನ ಗೋಡೆಗೆ ಇಬ್ಬರು ಪೋಸ್ಟರ್ ಅಂಟಿಸುತ್ತಿದ್ದರು. ಯಾವುದೋ ಟ್ಯೂಷನ್ ಸೆಂಟರಿನದು. ಸಾಲಾಗಿ ಮಕ್ಕಳ ಮುಖ, ಒಂದೊಂದು ಮುಖದ ಕೆಳಗೆ ದಪ್ಪಗೆ ಆ ಮಗು ಪರೀಕ್ಷೆಯಲ್ಲಿ ತೆಗೆದ ನಂಬರು. ಬಕೆಟ್ಟಿನಲ್ಲಿ ಮೈದಾ ಅಂಟು ಇತ್ತು. ಶಿಫ್ಟ್ ಮುಗಿಸಿ ಬರುತ್ತಿದ್ದ ನಾನು ಆ ವಾಸನೆಗೆ ನಿಂತುಬಿಟ್ಟೆ.

"ಅಕ್ಕ, ಮಗು ಯಾವ ಕ್ಲಾಸು? ಫೋನ್ ನಂಬರ್ ಕೆಳಗಿದೆ ನೋಡಿ" ಎಂದ ಬ್ರಷ್ ಹಿಡಿದವನು.

"ಮಗು ಇಲ್ಲಪ್ಪ. ತಂಗಿ ಅದಾಳ" ಎಂದೆ.

"ತಂಗಿ ಯಾವ ಕ್ಲಾಸು?"

ನಾನು ಮುಂದೆ ನಡೆದೆ. ಕುದಿಸಿದ ಮೈದಾದ ಆ ಹುಳಿ ವಾಸನೆ ಒಂದು ಇಡೀ ಮಳೆಗಾಲ ನಮ್ಮ ಕೋಣೆಯಲ್ಲಿತ್ತು. ಆ ಮಳೆಗಾಲದಿಂದ ಮುಂದಿನ ಮಳೆಗಾಲದೊಳಗೆ ನಾನು ನನ್ನ ತಂಗಿಯ ಓದು ಮುಗಿಸಿದೆ. ಬೇರೆ ಯಾರೂ ಮುಗಿಸಲಿಲ್ಲ. ಅದನ್ನು ಬರೆದಿಡಬೇಕು ಎಂದು ಬಹಳ ದಿನದಿಂದ ಅಂದುಕೊಂಡು ಮುಂದೂಡುತ್ತಾ ಬಂದಿದ್ದೇನೆ.

ಆಗ ನಾವು ಚಿಕ್ಕಬಾಣಾವರದಲ್ಲಿ, ರೈಲು ಹಳಿಯ ಆಚೆ ಒಂದು ವಠಾರದಲ್ಲಿದ್ದೆವು. ಊರು ಕೊಪ್ಪಳದ ಕಡೆ. ಅಪ್ಪ ಕಟ್ಟಡದ ಕೆಲಸದಲ್ಲಿ ಬಿದ್ದು ಸತ್ತ ಮೇಲೆ ಅವ್ವ ಊರಿಗೆ ಮರಳಿದಳು. ನಾನು, ರೇಣಿ ಉಳಿದೆವು. ರೇಣುಕಾ ಅವಳ ಪೂರ್ತಿ ಹೆಸರು, ನನಗಿಂತ ಒಂಬತ್ತು ವರ್ಷ ಚಿಕ್ಕವಳು. ನಾನು ಓದಿದ್ದು ನಾಲ್ಕನೇ ಇಯತ್ತೆ. ಅದೂ ಕಟ್ಟಡ ಎಲ್ಲಿ ಏಳುತ್ತಿತ್ತೋ ಅಲ್ಲಿನ ಶಾಲೆಯಲ್ಲಿ. ಸ್ಲ್ಯಾಬ್ ಹಾಕಿ ಕಟ್ಟಡ ಮುಗಿದ ಕೂಡಲೇ ಶಾಲೆಯೂ ಬದಲು. ರೇಣಿಯನ್ನಾದರೂ ಹತ್ತನೇ ಇಯತ್ತೆ ಪಾಸು ಮಾಡಿಸಬೇಕು ಎನ್ನುವುದು ನನ್ನ ಹಟ. ಅವ್ವನಿಗೆ ಮಾತು ಕೊಟ್ಟಿದ್ದೆ.

ನನ್ನ ಕೆಲಸ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಬುಷ್ ಪರೀಕ್ಷೆ ಮಾಡುವುದು. ಬುಷ್ ಎಂದರೆ ಹೆಬ್ಬೆರಳಿನ ಉಂಗುರದಂಥ ಲೋಹದ ತುಂಡು, ನಡುವೆ ತೂತು. ಆ ತೂತನ್ನು ನೋಡಲು ಗೇಜ್ ಎನ್ನುವ ಉಕ್ಕಿನ ಗಿಡ್ಡ ಕೋಲು ಇರುತ್ತದೆ. ಒಂದು ತುದಿಗೆ ಹಸಿರು ಬಣ್ಣ, ಇನ್ನೊಂದಕ್ಕೆ ಕೆಂಪು. ಹಸಿರು ತುದಿ ತೂತಿನೊಳಗೆ ಹೋಗಬೇಕು, ಕೆಂಪು ತುದಿ ಹೋಗಬಾರದು. ಅಷ್ಟೇ. ಅಳತೆ ಓದಬೇಕಿಲ್ಲ, ಲೆಕ್ಕ ಮಾಡಬೇಕಿಲ್ಲ. ನನ್ನ ಮುಂದೆ ಮೂರು ಡಬ್ಬ. ಸರಿಯಾದದ್ದು ಹಸಿರು ಡಬ್ಬಕ್ಕೆ. ತೂತು ಅಗಲವಾಗಿ ಕೆಂಪು ತುದಿಯೂ ಒಳಗೆ ನುಗ್ಗಿದರೆ ಕೆಂಪು ಡಬ್ಬಕ್ಕೆ, ಅದು ಗುಜರಿ. ತೂತು ಚಿಕ್ಕದಾಗಿ ಹಸಿರು ತುದಿಯೇ ಹೋಗದಿದ್ದರೆ ಹಳದಿ ಡಬ್ಬಕ್ಕೆ. ಅದರೊಳಗೆ ಇನ್ನೂ ಲೋಹ ಉಳಿದಿರುತ್ತದೆ, ಮತ್ತೆ ಕೊರೆದರೆ ಸರಿಯಾಗುತ್ತದೆ. ಮಷಿನ್ ಸೆಟ್ ಮಾಡುವ ಪಳನಿಯಣ್ಣ ದಿನಾ ಸಂಜೆ ಬಂದು ಹಳದಿ ಡಬ್ಬವನ್ನು ಒಯ್ಯುತ್ತಿದ್ದರು. "ಇದು ನಂದು, ಇದ್ರ ಮೇಲೆ ಯಾರೂ ಕಣ್ಣು ಹಾಕ್ಬೇಡಿ" ಎಂದು ತಮಾಷೆ ಮಾಡುತ್ತಿದ್ದರು.

ರೇಣಿ ಆ ವರ್ಷ ಒಂಬತ್ತನೇ ಇಯತ್ತೆ. ವಠಾರದಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ ಒಂದು ಸಣ್ಣ ಶಾಲೆ, ಫೀಸು ಕಡಿಮೆ. ಅಲ್ಲಿಗೆ ಹೊಸದಾಗಿ ಸುಮಿತ್ರಾ ಎಂಬ ಮೇಡಂ ಬಂದಿದ್ದರು. ಒಂಬತ್ತನೆಯವರಿಗೆ ಬೋರ್ಡಿನ ಪರೀಕ್ಷೆ ಇಲ್ಲವಲ್ಲ, ಈ ಒಂದು ತರಗತಿಗೆ ಒಂದು ವರ್ಷ ಅಂಕ ಕೊಡದೆ ನೋಡೋಣ ಎಂದು ಹೆಡ್‌ಮಾಸ್ತರನ್ನು ಅವರು ಒಪ್ಪಿಸಿದ್ದರು. ಅಂಕದ ಬದಲು ಮಗು ಏನು ಕಲಿತಿದೆ, ಎಲ್ಲಿ ತಡವರಿಸುತ್ತಿದೆ ಎಂದು ಮೇಡಂ ಒಂದು ಪುಟ ಬರೆದು ಮನೆಗೆ ಕಳಿಸುವುದು. ಆಮೇಲೆ ಒಂದು ದಿನ ಮನೆಯವರು ಶಾಲೆಗೆ ಬಂದು ಮಗುವಿನ ಎದುರು ಕೂರಬೇಕು. ಮಗುವೇ ತನಗೆ ಏನು ಬಂತು, ಏನು ಬರಲಿಲ್ಲ ಎಂದು ಹೇಳುತ್ತದೆ.

ಅದುವರೆಗೆ ರೇಣಿ ಶಾಲೆಗೆ ಹೋಗುವುದೂ ಒಂದೇ, ನೀರು ತರಲು ನಲ್ಲಿಗೆ ಹೋಗುವುದೂ ಒಂದೇ ಎನ್ನುವಂತಿದ್ದಳು. ಆ ಮಳೆಗಾಲದಲ್ಲಿ ಅವಳಿಗೆ ಏನೋ ಹಿಡಿಯಿತು. ನಮ್ಮ ಬೀದಿಯ ಮಳೆನೀರು ಎಲ್ಲಿಗೆ ಹೋಗುತ್ತದೆ ಎಂದು ಅವಳು ಕಂಡುಹಿಡಿಯಬೇಕಿತ್ತಂತೆ. ಮಳೆ ಹೊಡೆಯುವಾಗ ಸೂರಿನ ಶೀಟಿನ ಕೆಳಗೆ ಬಕೆಟ್ ಇಟ್ಟು ಅದು ತುಂಬಲು ಎಷ್ಟು ಹೊತ್ತು ಬೇಕು ಎಂದು ನನ್ನ ಫೋನಿನಲ್ಲಿ ನೋಡುತ್ತಿದ್ದಳು. ನೀರಿನ ಹಿಂದೆ ಮೋರಿ ಹಿಡಿದು ಕೆರೆಯ ತನಕ ನಡೆದು ಮೊಣಕಾಲವರೆಗೆ ಕೆಸರಾಗಿ ಬರುತ್ತಿದ್ದಳು. ಮನೆ ಒಡತಿ ಮುನಿಯಮ್ಮನನ್ನೂ ಕಾಡಿ ಹಳೆಯ ಕಾಲುವೆ ಎಲ್ಲಿತ್ತು ಎಂದು ಕೇಳಿದಳು. ಈ ವಠಾರವಿರುವ ಜಾಗ ಹಿಂದೆ ಮುನಿಯಮ್ಮನವರ ರಾಗಿ ಹೊಲ.

"ಕಾಲ್ವೆ ಎಲ್ಲೈತೆ ಅಂತ ಕೇಳ್ತೀಯಲ್ಲ, ನೀ ಮಲಗೋದೇ ಅದರ ಮ್ಯಾಲೆ ಕಣೆ" ಎಂದು ಮುನಿಯಮ್ಮ ನಕ್ಕರು. "ಅದಕ್ಕೇ ಮಳೆ ಬಂದ್ರೆ ನಿಮ್ ರೂಮ್‌ಗೇ ಮೊದ್ಲು ನುಗ್ಗೋದು. ನೀರಿಗೆ ದಾರಿ ಮರೆಯಲ್ಲ."

ರೇಣಿ ಅದನ್ನೂ ಬರೆದುಕೊಂಡಳು. ಕೋಣೆಯ ತುಂಬ ಹಳೇ ಕ್ಯಾಲೆಂಡರಿನ ಹಾಳೆಗಳು, ಅವನ್ನು ಒಂದಕ್ಕೊಂದು ಸೇರಿಸಿ ದೊಡ್ಡ ನಕ್ಷೆ ಮಾಡಲು ಒಲೆಯ ಮೇಲೆ ಮೈದಾ ಅಂಟು. ಅನ್ನ ಮಾಡುವ ಪಾತ್ರೆಯಲ್ಲೇ. ಊಟಕ್ಕೆ ಕೂತರೆ ಬಾಯಿ ಮುಚ್ಚದೆ ಮಾತು: ನಮ್ಮ ಶೀಟಿನ ಮೇಲೆ ಬಿದ್ದ ನೀರು ಎಷ್ಟು ಕೊಡ, ಕೆರೆಗೆ ಹೋಗುವುದರೊಳಗೆ ಅದರ ಬಣ್ಣ ಯಾವ ಕಾರ್ಖಾನೆಯ ಹತ್ತಿರ ಬದಲಾಗುತ್ತದೆ. ನಿಂತು ನಿಂತು ಕಾಲು ಬಾತಿರುತ್ತಿದ್ದ ನನಗೆ ಅದು ಬೇಕಿರಲಿಲ್ಲ. "ಇದೆಲ್ಲ ಪರೀಕ್ಷ್ಯಾಗ ಬರ್ತೈತೇನು?" ಎಂದು ಕೇಳುತ್ತಿದ್ದೆ. ಅವಳು ಎರಡು ತುತ್ತು ತಿನ್ನುತ್ತಿದ್ದಳು, ಮತ್ತೆ ಶುರು.

ಮೇಡಂ ಬರೆದ ಪುಟ ಮನೆಗೆ ಬಂದದ್ದು ಗೌರಿ ಹಬ್ಬಕ್ಕೆ ಮುಂಚೆ. ನೀಲಿ ಶಾಯಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ಕೈಬರಹ, ಅಕ್ಷರಗಳು ಒಂದರ ಕೊರಳಿಗೆ ಒಂದು ಬಿದ್ದಿದ್ದವು. ನನಗೆ ಬಸ್ಸಿನ ಬೋರ್ಡು ಓದಲು ಬರುತ್ತಿತ್ತು, ಅಚ್ಚಾದ ದೊಡ್ಡ ಅಕ್ಷರ ಬರುತ್ತಿತ್ತು. ಇದು ಬರಲಿಲ್ಲ. ನಂಬರು ಎಲ್ಲಿದೆ ಎಂದು ಹಾಳೆಯ ಹಿಂದೆ ಮುಂದೆ ನೋಡಿದೆ.

"ಎಷ್ಟು ಬಿದ್ದಾವು?"

"ಈ ಸಲ ನಂಬರ ಕೊಡಂಗಿಲ್ಲಕ್ಕ. ಬರದ ಕೊಡ್ತಾರ."

"ಹಂಗಾರ ಓದು."

ರೇಣಿ ಓದಿದಳು. ತಾನಾಗಿ ಪ್ರಶ್ನೆ ಕೇಳುತ್ತಾಳೆ, ನೋಡಿದ್ದನ್ನು ಬಿಡದೆ ಗುರುತು ಹಾಕಿಕೊಳ್ಳುತ್ತಾಳೆ, ಗೆಳತಿಯರಿಗೆ ಬಿಡಿಸಿ ಹೇಳುತ್ತಾಳೆ. ಎಲ್ಲವೂ ಒಳ್ಳೆಯದೇ. ಪುಟ ಅಷ್ಟು ಉದ್ದವಿತ್ತು, ಅವಳ ಓದು ಬೇಗ ಮುಗಿಯಿತು.

"ಇಷ್ಟ ಐತೇನು?"

"ಇಷ್ಟ."

"ಸುಳ್ಳ ಓದಾಕತ್ತೀಯೇನು?"

"ಇಲ್ಲಕ್ಕ. ಇದ್ದದ್ದ ಓದೀನಿ."

ನಾನು ನಂಬಲಿಲ್ಲ. ಹಿಂದೆಲ್ಲ ಮಾರ್ಕ್ಸ್ ಕಾರ್ಡ್ ಬಂದರೆ ನನಗೆ ಯಾರ ಸಹಾಯವೂ ಬೇಕಿರಲಿಲ್ಲ. ಮೂವತ್ತೆಂಟು ಎಂದರೆ ಮೂವತ್ತೆಂಟು. ಕೆಂಪು ಗೆರೆ ಎಂದರೆ ಕೆಂಪು ಗೆರೆ. ಬೈಯಬೇಕೋ ಬೇಡವೋ ಎನ್ನುವುದು ಅದರಲ್ಲೇ ಗೊತ್ತಾಗುತ್ತಿತ್ತು. ಈಗ ನನ್ನ ತಂಗಿ ಹೇಗೆ ಓದುತ್ತಿದ್ದಾಳೆ ಎಂದು ನನ್ನ ತಂಗಿಯನ್ನೇ ಕೇಳಿ ತಿಳಿದುಕೊಳ್ಳಬೇಕಿತ್ತು. ಯಾರಾದರೂ ಓದಿ ಹೇಳಲಿ ಎಂದು ಮುನಿಯಮ್ಮನ ಮನೆಗೆ ಒಯ್ಯಲೂ ನಾಚಿಕೆ. ಆದರೂ ನಂಬರಿಲ್ಲದ ವಿಷಯ ಅವರ ಕಿವಿಗೆ ಬಿತ್ತು. ಅವರ ಮೊಮ್ಮಗ ಬೇರೆ ಶಾಲೆಯಲ್ಲಿದ್ದ, ತೊಂಬತ್ತರ ಮೇಲೆ ತೆಗೆಯುತ್ತಿದ್ದ.

"ಏನ್ ಉಲಿಗೆಮ್ಮ, ನಿಮ್ ಇಸ್ಕೂಲಲ್ಲಿ ನಂಬರೇ ಇಲ್ವಂತೆ?" ಎಂದರು ನೀರು ಹಿಡಿಯುವಾಗ. ನನ್ನ ಹೆಸರು ಹುಲಿಗೆಮ್ಮ. "ತೂಕ ಮಾಡ್ದೆ ಮಾರೋ ಅಂಗಡೀಲಿ ಯಾರಾದ್ರೂ ಬ್ಯಾಳೆ ತಗಂತಾರಾ?"

ಆ ಮಾತು ಇಡೀ ವಾರ ನನ್ನ ತಲೆಯಲ್ಲಿ ತಿರುಗಿತು. ಬುಷ್ ಒಂದೊಂದನ್ನೂ ಎತ್ತಿ ಗೇಜ್ ಹಾಕುವಾಗ ಅದೇ.

ಶಾಲೆಗೆ ಹೋಗುವ ದಿನ ಅರ್ಧ ದಿನ ರಜೆ ಕೇಳಿದೆ. ಹೊರಡುವಾಗ ಏಪ್ರನ್ ತೆಗೆದು ನೇತುಹಾಕಿದೆ. ಆದರೆ ಒಂದು ಗೇಜ್, ಎರಡು ಬುಷ್ ನನ್ನ ಚೀಲಕ್ಕೆ ಬಂದಿದ್ದವು. ಗೇಜನ್ನು ಕಾರ್ಖಾನೆಯ ಹೊರಗೆ ಒಯ್ಯಬಾರದು ಎನ್ನುವುದು ನನಗೆ ಗೊತ್ತು. ಮರೆತು ಬಂತೋ, ಬೇಕೆಂದೇ ತಂದೆನೋ, ಇವತ್ತಿಗೂ ಖಚಿತವಾಗಿ ಹೇಳಲಾರೆ.

ಜೋರು ಮಳೆ. ತರಗತಿಯ ಬೆಂಚುಗಳನ್ನು ಎದುರುಬದುರು ಹಾಕಿದ್ದರು. ಒದ್ದೆ ಯೂನಿಫಾರಂ, ಒದ್ದೆ ಕೊಡೆ, ಅಂಟಿನ ವಾಸನೆ. ಒಂದೊಂದು ಬೆಂಚಿನಲ್ಲಿ ಒಂದೊಂದು ಮನೆಯವರು. ಕಂಪನಿ ಬಟ್ಟೆಯಲ್ಲೇ ಬಂದ ಅಪ್ಪಂದಿರು, ಕಂಕುಳಲ್ಲಿ ಮಗು ಹೊತ್ತ ಅವ್ವಂದಿರು. ರೇಣಿ ತನ್ನ ನಕ್ಷೆ ಹಾಸಿದಳು. ಬೆಂಚು ಸಾಲದೆ ಅರ್ಧ ನನ್ನ ಮಡಿಲಿಗೆ ಬಂತು. ಅವಳ ಪಕ್ಕದಲ್ಲಿ ಇನ್ನೊಂದು ಹಾಳೆಯನ್ನು ಬೋರಲು ಹಾಕಿಟ್ಟಿದ್ದಳು.

"ಅಕ್ಕಾ, ಮೊದಲ ಇದ ಹೇಳ್ತೀನಿ, ಆಮ್ಯಾಲ ಅದ" ಎಂದು ಶುರುಮಾಡಿದಳು. ನಮ್ಮ ಕೋಣೆಯಿಂದ ಬೆರಳು ಹೊರಟು ಮೋರಿ ಹಿಡಿದು ಸಾಗಿತು. ಸುಮಿತ್ರಾ ಮೇಡಂ ನಮ್ಮ ಬೆಂಚಿಗೆ ಬಂದು ಪಕ್ಕದಲ್ಲಿ ನಿಂತರು. ಚಿಕ್ಕ ವಯಸ್ಸು, ನನ್ನಷ್ಟೇ ಇರಬಹುದು. ನನ್ನ ಮುಂದೆ ಒಂದು ಬಿಳಿ ಹಾಳೆ, ಪೆನ್ನು ಇಟ್ಟರು.

"ನೀವು ಕೇಳ್ತಾ ಕೇಳ್ತಾ ನಿಮಗೇನು ಅನ್ನಿಸ್ತು ಅಂತ ಇಲ್ಲಿ ಎರಡು ಸಾಲು ಬರೀರಿ ಮೇಡಂ. ಅದನ್ನೂ ರೇಣುಕಾ ಫೈಲಲ್ಲಿ ಇಡ್ತೀವಿ."

ಪಕ್ಕದ ಬೆಂಚಿನಲ್ಲಿ ಯಾರೋ ಬರೆಯುತ್ತಿದ್ದರು. ಪೆನ್ನಿನ ಸದ್ದು ಕೇಳಿಸುತ್ತಿತ್ತು. ಆಮೇಲೆ ರೇಣಿ ಏನು ಹೇಳಿದಳೋ ನನಗೆ ತಿಳಿಯಲಿಲ್ಲ. ಆ ಬಿಳಿ ಹಾಳೆ ಬಿಟ್ಟು ಬೇರೇನೂ ಕಾಣಲಿಲ್ಲ. ಹತ್ತಾರು ಜನರ ನಡುವೆ, ತಂಗಿಯ ಮುಂದೆ, ಅವಳ ಮೇಡಂ ಮುಂದೆ, ನನ್ನ ಕೈಬರಹ. ಪೆನ್ನು ತೆಗೆದುಕೊಳ್ಳಲೂ ಆಗಲಿಲ್ಲ, ಬರುವುದಿಲ್ಲ ಎನ್ನಲೂ ಆಗಲಿಲ್ಲ. ಎದ್ದು ನಿಂತೆ.

"ಇದೆಲ್ಲ ಇರಲಿ ಮೇಡಂ. ನಮ್ಮ ಹುಡುಗಿ ಪಾಸೋ, ಫೇಲೋ?"

"ಹಾಗಲ್ಲ, ಅವಳ ಮಾತು ಪೂರ್ತಿ ಕೇಳಿ..."

ಚೀಲದಿಂದ ಗೇಜ್ ತೆಗೆದೆ. ಒಂದು ಬುಷ್‌ಗೆ ಹಸಿರು ತುದಿ ಹಾಕಿ ತೋರಿಸಿದೆ. "ಇದು ಹೋತು. ಕೆಂಪು ಹೋಗಲಿಲ್ಲ. ಇದು ಪಾಸು." ಇನ್ನೊಂದಕ್ಕೆ ಕೆಂಪು ತುದಿ ಹಾಕಿದೆ, ಅದು ಜಾರಿಕೊಂಡು ಒಳಗೆ ಹೋಯಿತು. "ಇದು ಗುಜರಿ. ನೋಡಾಕ ಎರಡೂ ಒಂದ ಥರ ಅದಾವು. ದಿನಾ ಸಾವಿರ ತುಂಡು ಬೇರೆ ಮಾಡ್ತೀನಿ ನಾನು. ಒಂದೊಂದಕ್ಕೂ ಒಂದು ಪುಟ ಬರಕೋತ ಕುಂತ್ರ ನನ್ನ ಕೆಲಸಕ್ಕ ಇಟ್ಕೊಂತಾರೇನು? ನೀವು ಸಂಬಳ ತಗೊಂತೀರಿ, ಹೋಗ್ತೈತೋ ಹೋಗಂಗಿಲ್ಲೋ ಹೇಳಾಕ ಯಾಕ ಆಗಂಗಿಲ್ಲ?"

ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬರು, "ಆಯಮ್ಮ ಕರೆಕ್ಟಾಗಿ ಕೇಳಿದ್ರು ಕಣ್ರೀ" ಎಂದರು. ಇನ್ನೊಬ್ಬರು ಮುಂದಿನ ವರ್ಷ ಹತ್ತನೇ ಕ್ಲಾಸು, ಮಕ್ಕಳು ಹಾಳಾಗುತ್ತಾರೆ ಎಂದರು. ಎಲ್ಲರೂ ಎದ್ದರು. ಹೆಡ್‌ಮಾಸ್ತರು ಓಡಿಬಂದರು. ಜನ ನನ್ನನ್ನು ಮುಂದೆ ಬಿಟ್ಟರು, ನಾನು ಗೇಜನ್ನು ಎತ್ತಿ ಮತ್ತೊಮ್ಮೆ ಅದನ್ನೇ ಹೇಳಿದೆ. ನನ್ನ ಮಾತಿಗೆ ಅಷ್ಟು ಜನ ತಲೆಯಾಡಿಸಿದ್ದು ಅದೇ ಮೊದಲು. ಸುಳ್ಳು ಯಾಕೆ ಹೇಳಲಿ, ಹಿತವಾಗಿತ್ತು. ತಿರುಗಿ ನೋಡಿದಾಗ ರೇಣಿ ನಕ್ಷೆ ಸುತ್ತುತ್ತಿದ್ದಳು. ಬೋರಲು ಹಾಕಿದ್ದ ಹಾಳೆಯನ್ನು ತಿರುಗಿಸಲೇ ಇಲ್ಲ.

ಮರುದಿನ ಪಳನಿಯಣ್ಣನಿಗೆ ದೊಡ್ಡಸ್ತಿಕೆಯಿಂದ ಹೇಳಿದೆ. ಕಾರ್ಖಾನೆಯ ಗೇಜನ್ನು ಒಯ್ದದ್ದಕ್ಕೆ ಮೊದಲು ಬೈದರು. ಆಮೇಲೆ ಹಳದಿ ಡಬ್ಬವನ್ನು ಎತ್ತಿಕೊಂಡು, "ಇದನ್ನ ತೋರಿಸ್ಲಿಲ್ವಾ?" ಎಂದರು.

"ಯಾವುದು?"

"ಇದೇಮ್ಮ, ನನ್ನ ಡಬ್ಬ. ಸ್ಕೂಲಲ್ಲಿ ಎರಡೇ ಡಬ್ಬ ಇಟ್ಬಿಟ್ಯಾ?"

ನಕ್ಕರು, ಹೊರಟುಹೋದರು. ನಾನು ನಗಲಿಲ್ಲ. ಮೂರನೆಯ ಡಬ್ಬ ನನಗೆ ಮರೆತಿರಲಿಲ್ಲ. ದಿನಕ್ಕೆ ಎಷ್ಟೋ ಸಲ ನನ್ನ ಕೈ ಆ ಡಬ್ಬದ ಕಡೆ ಹೋಗುತ್ತದೆ. ಅದನ್ನು ಹೇಳಿದ್ದರೆ ನನ್ನ ವಾದ ನಿಲ್ಲುತ್ತಿರಲಿಲ್ಲ. ಮೇಡಂ ಆ ಉದ್ದನೆಯ ಪುಟದಲ್ಲಿ ಮಾಡುತ್ತಿದ್ದದ್ದು ಪಳನಿಯಣ್ಣ ಮಾಡುತ್ತಿದ್ದ ಕೆಲಸವನ್ನೇ: ಎಲ್ಲಿ ಕೊರತೆ, ಇನ್ನೆಷ್ಟು ಕೊರೆಯಬೇಕು. ಅದು ಅವತ್ತೇ ನನಗೆ ಅರ್ಧಂಬರ್ಧ ಹೊಳೆದಿತ್ತು. ಹೊಳೆದದ್ದನ್ನು ಪಕ್ಕಕ್ಕೆ ತಳ್ಳಿದೆ.

ಒಂದು ವಾರದ ಮೇಲೆ ಸುಮಿತ್ರಾ ಮೇಡಂ ವಠಾರಕ್ಕೆ ಬಂದರು. ಅಂಗಳದಲ್ಲಿ ನೀರು ನಿಂತಿತ್ತು, ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದರು. ರೇಣಿ ಅಂಗಡಿಗೆ ಹೋಗಿದ್ದಳು. ಮೇಡಂ ಒಳಗೆ ಬರಲಿಲ್ಲ, ನಾನು ಕರೆಯಲೂ ಇಲ್ಲ.

"ತಪ್ಪು ನಂದೂ ಇದೆ" ಎಂದರು. "ಅಷ್ಟುದ್ದ ಬರೆದು ಕಳಿಸಿಬಿಟ್ಟೆ. ಓದೋಕೆ ಕಷ್ಟ ಆಗೋರು ಇರ್ತಾರೆ ಅಂತ ಯೋಚನೇನೇ ಮಾಡ್ಲಿಲ್ಲ. ನಾನೇ ಬಂದು ಬಾಯಲ್ಲಿ ಹೇಳ್ಬೇಕಿತ್ತು. ಈಗ ಹೇಳ್ಲಾ? ಹತ್ತು ನಿಮಿಷ."

ಹತ್ತು ನಿಮಿಷ ಕೊಟ್ಟಿದ್ದರೆ ಸಾಕಿತ್ತು. ನನಗೆ ಮಾತ್ರ ಕೇಳಿಸಿದ್ದು, ಓದಲು ಕಷ್ಟ ಆಗುವವರು ಎನ್ನುವುದೊಂದೇ.

"ನಂಗ ಓದಾಕ ಬರ್ತೈತಿ" ಎಂದೆ. "ಪೂರಾ ಓದೀನಿ."

ಅವರು ನನ್ನ ಮುಖ ನೋಡಿದರು. "ಸರಿ ಹಾಗಾದ್ರೆ" ಎಂದು ಹೊರಟರು. ಅವರು ಬಂದದ್ದನ್ನು ರೇಣಿಗೆ ನಾನು ಹೇಳಲಿಲ್ಲ.

ದಸರಾ ರಜೆ ಮುಗಿಯುವುದರೊಳಗೆ ಶಾಲೆ ಹಳೆಯ ದಾರಿಗೆ ಬಂತು. ಹತ್ತನೇ ತರಗತಿಗೆ ತಯಾರಿ ಎಂದು ಪ್ರತಿ ಶನಿವಾರ ಪರೀಕ್ಷೆ ಬೇರೆ ಸೇರಿತು. ಒಂಬತ್ತನೇ ತರಗತಿಯಿಂದ ತೆಗೆದು ಸುಮಿತ್ರಾ ಮೇಡಂಗೆ ಚಿಕ್ಕ ಮಕ್ಕಳ ತರಗತಿ ಕೊಟ್ಟರು, ಸಂಕ್ರಾಂತಿಯ ಹೊತ್ತಿಗೆ ಅವರು ಕೆಲಸ ಬಿಟ್ಟರಂತೆ. ರೇಣಿಯ ಮಾರ್ಕ್ಸ್ ಕಾರ್ಡ್ ಬಂತು. ಗಣಿತ ಹದಿನೆಂಟು. ವಿಜ್ಞಾನ ಇಪ್ಪತ್ತಾರು. ನೂರಕ್ಕೆ. ಯಾರ ಸಹಾಯವೂ ಇಲ್ಲದೆ ಓದಿದೆ. ಇದೇ ತಾನೆ ನಾನು ಕೇಳಿದ್ದು.

ನಂಬರು ಬಂದ ಮೇಲೆ ಏನು ಮಾಡಬೇಕು ಎನ್ನುವುದು ನನಗೆ ಗೊತ್ತಿರಲಿಲ್ಲ. ಹದಿನೆಂಟು ಯಾಕೆ ಹದಿನೆಂಟಾಯಿತು ಎಂದು ಆ ಕಾರ್ಡಿನಲ್ಲಿ ಎಲ್ಲಿಯೂ ಇರಲಿಲ್ಲ. ಗೊತ್ತಿದ್ದದ್ದು ಬೈಯುವುದು, ಬೈದೆ. ಒಮ್ಮೆ ಕೈ ಎತ್ತಿದೆ. ಟ್ಯೂಷನ್ನಿಗೆ ಹಾಕಿದೆ, ಅಲ್ಲಿಯೂ ಶನಿವಾರ ಪರೀಕ್ಷೆ, ಅಲ್ಲಿಯೂ ನಂಬರು. ರೇಣಿ ಕೂತಲ್ಲಿ ಕೂತಿರುತ್ತಿದ್ದಳು, ಪುಸ್ತಕ ತೆರೆದಿರುತ್ತಿತ್ತು. ಊಟದ ಹೊತ್ತಿನ ಮಾತು ನಿಂತಿತು. ಚಳಿಗಾಲದಲ್ಲಿ ಒಂದು ದಿನ ಅಕಾಲ ಮಳೆ ಬಂದು ಶೀಟಿನ ಮೇಲೆ ಜೋರಾಗಿ ಸದ್ದಾಯಿತು. ನಾನು ಬೇಕೆಂದೇ, "ಬಕೆಟ್ ಇಡಂಗಿಲ್ಲೇನು?" ಎಂದೆ. "ಯಾಕ?" ಎಂದಳು ತಲೆಯೆತ್ತದೆ.

ಏಪ್ರಿಲ್‌ನಲ್ಲಿ ಹೆಡ್‌ಮಾಸ್ತರು ಕರೆಸಿದರು. ಫ್ಯಾನು ತಿರುಗುತ್ತಿದ್ದರೂ ಬೆವರು. ರೇಣಿ ಬಾಗಿಲ ಹತ್ತಿರ ನಿಂತಿದ್ದಳು.

"ನೋಡಮ್ಮ, ಒಂಬತ್ತು ಹೇಗೋ ದಾಟಿಸ್ತೀನಿ" ಎಂದರು. "ಆದ್ರೆ ಹತ್ತನೇ ಕ್ಲಾಸು ಇಲ್ಲಿ ಬೇಡ. ಶಾಲೆ ರಿಸಲ್ಟ್ ಕೆಡುತ್ತೆ. ಟಿಸಿ ತಗೊಂಡು ಬೇರೆ ಕಡೆ ಸೇರಿಸಿ."

"ಒಂದು ವರ್ಷ ಅಲ್ರೀ ಸರ, ಹೆಂಗಾದ್ರೂ..."

"ನೀವೇ ತಾನೆ ಅವತ್ತು ಎಲ್ಲರ ಮುಂದೆ ತೋರಿಸಿದ್ದು? ಹೋಗೋದು ಹೋಗುತ್ತೆ, ಹೋಗದೆ ಇರೋದು ಹೋಗಲ್ಲ ಅಂತ." ಅವರು ಚುಚ್ಚಲು ಹೇಳಲಿಲ್ಲ. ನನ್ನ ಮಾತು ಅವರಿಗೆ ನಿಜಕ್ಕೂ ಹಿಡಿಸಿತ್ತು.

ಅವತ್ತು ಅಷ್ಟು ಜನರ ಮುಂದೆ ಅಷ್ಟು ಮಾತಾಡಿದವಳು ಈಗ ತೋರಿಸಿದಲ್ಲಿ ಸಹಿ ಹಾಕಿದೆ.

ಮನೆಗೆ ಹೋಗಲು ಮನಸ್ಸಾಗದೆ ರೈಲ್ವೆ ಸ್ಟೇಷನ್ನಿನ ಬೆಂಚಿನಲ್ಲಿ ಕೂತೆವು. ತುಮಕೂರು ಕಡೆಯ ರೈಲೊಂದು ಬಂದು ಹೋಯಿತು. ಅದು ದೂರವಾದ ಮೇಲೆ ರೇಣಿ ಹೇಳಿದಳು.

"ಅಕ್ಕಾ, ಆವತ್ತು ನೀ ಸುಳ್ಳ ಓದಾಕತ್ತೀಯೇನು ಅಂದಿ ನೋಡು. ಖರೇನ, ನಾ ಅರ್ಧ ಬಿಟ್ಟ ಓದಿದ್ದೆ."

ನಾನು ಅವಳ ಕಡೆ ತಿರುಗಿದೆ.

"ಗಣಿತದಾಗ ಭಾಗಾಕಾರನ ಸರಿ ಬರಂಗಿಲ್ಲ, ಐದನೇ ಇಯತ್ತೆಯಿಂದ ಬಿಟ್ಟು ಹೋಗೈತಿ ಅಂತ ಮೇಡಂ ಬರದಿದ್ರು. ಅದಕ್ಕ ಶೇಕಡಾ ಬರಂಗಿಲ್ಲ, ಬಕೆಟ್ಟಿನ ಲೆಕ್ಕ ತಪ್ಪತೈತಿ. ದಿನಾ ಸಾಲಿ ಬಿಟ್ಟ ಮ್ಯಾಲ ಅರ್ಧ ತಾಸು ಕುಂದ್ರಿಸ್ಕೊಂಡು ಹೇಳ್ತೀನಿ, ಮನ್ಯಾಗ ಒಪ್ಪಿಗಿ ಕೊಡ್ರಿ ಅಂತ ಕೇಳಿದ್ರು. ಅದನ್ನ ಓದಿದ್ರ ನೀ ಹೊಡೀತಿ ಅಂತ ಬಿಟ್ಟೆ."

"ಮತ್ತ ಯಾವಾಗ ಹೇಳಾಕಿ ಇದ್ದಿ?"

"ಆವತ್ತ, ಸಾಲ್ಯಾಗ. ಬೋರಲ ಹಾಕಿದ್ದ ಹಾಳ್ಯಾಗ ಅದನ್ನ ಬರಕೊಂಡಿದ್ದೆ. ಬಾಜೂಕ ಮೇಡಂ ಇರ್ತಾರ, ಮಂದಿ ಇರ್ತಾರ, ನೀ ಬೈಯಂಗಿಲ್ಲ ಅಂತ. ನೀ ಅಲ್ಲೀತನ ಕೇಳಲಿಲ್ಲ."

ಇಲ್ಲಿಯವರೆಗಿನದು ನಾಚಿಕೆಯಿಂದ, ಅಜ್ಞಾನದಿಂದ ಆದದ್ದು ಎಂದು ಬೇಕಾದರೆ ಹೇಳಿಕೊಳ್ಳಬಹುದು. ಇದರ ಮುಂದಿನದಕ್ಕೆ ಆ ನೆಪವೂ ಇಲ್ಲ. ಆ ಬೆಂಚಿನಿಂದ ಎದ್ದಾಗ ನನಗೆ ಎಲ್ಲವೂ ತಿಳಿದಿತ್ತು. ನನ್ನ ತಂಗಿ ಎಲ್ಲಿ ನಿಂತಿದ್ದಾಳೆ, ಏನು ಮಾಡಬೇಕು, ಎಷ್ಟು ಸಣ್ಣ ಕೆಲಸ ಅದು. ಸರ್ಕಾರಿ ಹೈಸ್ಕೂಲು ಎರಡು ಸ್ಟಾಪ್ ಆಚೆ ಇತ್ತು. ವಿಚಾರಿಸಿದಾಗ ಜೂನ್‌ನಲ್ಲಿ ಟಿಸಿ ತಗೊಂಡು ಬನ್ನಿ ಎಂದಿದ್ದರು. ಅಲ್ಲಿಯವರೆಗೆ ಸುಮ್ಮನೆ ಯಾಕೆ ಕೂರುವುದು ಎಂದು ಒಂದು ಪ್ಯಾಕಿಂಗ್ ಘಟಕದಲ್ಲಿ ವಯಸ್ಸು ಹೆಚ್ಚು ಹೇಳಿ ಅವಳನ್ನು ಸೇರಿಸಿದೆ. ಜೂನ್ ಬಂತು. ನನಗೆ ಓವರ್‌ಟೈಮ್ ಇತ್ತು. ಮುಂದಿನ ವಾರ ಎಂದೆ. ಮಳೆ ಹಿಡಿಯಿತು, ಮುಂದಿನ ವಾರ ಎಂದೆ. ಇನ್ನೊಂದು ಹೆಡ್‌ಮಾಸ್ತರ ಕೋಣೆಗೆ ಹೋಗಿ ಇನ್ನೊಂದು ಹಾಳೆಯ ಮುಂದೆ ಕೂರುವುದನ್ನು ನೆನೆದೇ ದಿನ ತಳ್ಳುತ್ತಿದ್ದೆ. ರೇಣಿ ಒಮ್ಮೆಯೂ ಕೇಳಲಿಲ್ಲ. ಕೇಳದಿರುವುದನ್ನು ನಾನು ಅವಳಿಗೂ ಇಷ್ಟವಿಲ್ಲ ಎಂದು ಓದಿಕೊಂಡೆ. ಅಷ್ಟರಲ್ಲಿ ದಾಖಲಾತಿ ಮುಗಿದಿತ್ತು. ಅವ್ವನಿಗೆ ಫೋನಿನಲ್ಲಿ, "ಅಕೀಗೆ ಓದು ತಲೀಗೆ ಹತ್ತಲಿಲ್ಲ" ಎಂದೆ. ರೇಣಿ ಪಕ್ಕದಲ್ಲೇ ಪಾತ್ರೆ ತೊಳೆಯುತ್ತಿದ್ದಳು.

ಈಗ ಅವಳು ದಾಸರಹಳ್ಳಿಯ ಹತ್ತಿರ ಒಂದು ಗಾರ್ಮೆಂಟ್‌ನಲ್ಲಿ ಹೊಲಿಗೆ ಕೆಲಸ ಮಾಡುತ್ತಾಳೆ. ಅಲ್ಲಿಯೂ ಎ ಗ್ರೇಡ್, ಬಿ ಗ್ರೇಡ್ ಎಂದು ಟೈಲರುಗಳನ್ನು ವಿಂಗಡಿಸುತ್ತಾರೆ. ಅವಳು ಬಿ. ಗೆಳತಿಯರ ಜೊತೆ ಬೇರೆ ಕೋಣೆಯಲ್ಲಿದ್ದಾಳೆ, ಭಾನುವಾರ ಬರುತ್ತಾಳೆ. ನಾನು ಪೇಪರು ಓದಿ ಓದಿ ಅಕ್ಷರ ಹಿಡಿದುಕೊಂಡೆ. ಇದನ್ನು ಬರೆಯುತ್ತಿರುವುದೂ ನಾನೇ, ನಿಧಾನವಾಗಿ.

ಪೋಸ್ಟರ್ ಅಂಟಿಸುವವನು ಕೇಳಿದ ಪ್ರಶ್ನೆ ನನ್ನನ್ನು ಮಲಗಗೊಡಲಿಲ್ಲ. ಶಾಲೆ ಬಿಟ್ಟವರು ಹೊರಗಿನಿಂದ ಹತ್ತನೇ ಇಯತ್ತೆ ಪರೀಕ್ಷೆ ಕಟ್ಟಬಹುದು, ಅರ್ಜಿ ಹಾಕುವ ಸಮಯ ಇದೇ ಎಂದು ವಿಚಾರಿಸಿ ತಿಳಿದುಕೊಂಡೆ. ಮೊನ್ನೆ ಭಾನುವಾರ ರೇಣಿ ಬಂದಾಗ, ಅಂದು ಮೇಡಂ ನಮ್ಮ ಬಾಗಿಲಿಗೆ ಬಂದದ್ದನ್ನು, ನಾನು ಅವರನ್ನು ಕಳಿಸಿಬಿಟ್ಟದ್ದನ್ನು ಮೊದಲು ಹೇಳಿದೆ. ಅವಳು ಮುರಿದ ರೊಟ್ಟಿಯನ್ನು ತಟ್ಟೆಗೆ ಇಟ್ಟಳು.

"ಬಂದಿದ್ರೇನು?" ಎಂದಳು. "ನಾ ಅಂತೂ, ಅವರು ನನ್ನ ಕೈ ಬಿಟ್ರು ಅಂತ ಇಷ್ಟು ದಿನ ತಿಳ್ಕೊಂಡಿದ್ದೆ."

ಆಮೇಲೆ ಪರೀಕ್ಷೆಯ ವಿಷಯ ತೆಗೆದೆ.

"ಕಟ್ಟಿ ಫೇಲಾದ್ರ?"

"ಆದ್ರ, ಎಲ್ಲಿ ತಪ್ಪೇತಿ ಅಂತ ನಂಗ ಹೇಳು."

"ನಿಂಗ ತಿಳೀತೈತೇನು?"

"ತಿಳೀಲಿಲ್ಲಂದ್ರ ಮತ್ತೊಮ್ಮೆ ಹೇಳು. ಪೂರಾ ಕೇಳ್ತೀನಿ."

ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ನೋಡ್ತೀನಿ, ವಿಚಾರ ಮಾಡಿ ಫೋನ್ ಹಚ್ತೀನಿ" ಎಂದು ಬಸ್ಸಿಗೆ ಹೊರಟಳು.

ಅರ್ಜಿಯ ಕೊನೆಯ ದಿನ ಹತ್ತಿರ ಬರುತ್ತಿದೆ. ಫೋನ್ ಬಂದಿಲ್ಲ. ನಾನೇ ಮಾಡಬಹುದು. ಅರ್ಜಿಗೆ ಬೇಕಾದ ಹೆಸರು, ಹುಟ್ಟಿದ ದಿನ, ಎಲ್ಲ ನನಗೆ ಗೊತ್ತು. ಅವಳನ್ನು ಕೇಳದೆ ನಾನೇ ಹೋಗಿ ಅರ್ಜಿ ತುಂಬಿಬಿಡಲೂಬಹುದು. ಈಗ ತುಂಬಲು ನನಗೆ ಬರುತ್ತದೆ. ಫೋನ್ ಎತ್ತಿಕೊಳ್ಳುತ್ತೇನೆ, ಅವಳ ಹೆಸರಿನವರೆಗೆ ಹೋಗುತ್ತೇನೆ, ಮತ್ತೆ ಕೆಳಗಿಡುತ್ತೇನೆ. ಕಟ್ಟುವುದೋ ಬಿಡುವುದೋ, ಈ ಒಂದನ್ನು ಅವಳೇ ಹೇಳಬೇಕು.